ಫಿರಂಗಿಯಿರುವ ಚದುರಂಗ
ಚದುರಂಗ ಬಲ್ಲವರೆಲ್ಲ ಚೀನೀಯರ ‘ಶ್ಯಾಂಗ್‌ಚಿ’ಯನ್ನೂ ಕಲಿಯಬೇಕು. ಕಾಯಿಗಳು ಇಲ್ಲಿ ಮನೆಯೊಳಗಲ್ಲ, ಗೆರೆಗಳು ಕೂಡುವ 90 ಬಿಂದುಗಳ ಮೇಲೆ ಕೂರುತ್ತವೆ. ಹಲಗೆಯ ನಡುವೆ ನದಿಯಿದೆ. ಆನೆ ಅದನ್ನು ದಾಟುವಂತಿಲ್ಲ. ಕಾಲಾಳು ದಾಟಿದರೆ ಪಕ್ಕಕ್ಕೂ ನಡೆಯಬಹುದು, ಹಿಂದಕ್ಕೆ ಮಾತ್ರ ಎಂದೂ ಇಲ್ಲ. ಸೇನಾಪತಿಗೆ 9 ಬಿಂದುಗಳ ಅರಮನೆಯೇ ಲೋಕ. ಆಟದ ಸೊಗಸೆಲ್ಲ ಫಿರಂಗಿಯದು: ರಥದಂತೆ ನೇರವಾಗಿ ಸಾಗುವ ಅದಕ್ಕೆ ಹೊಡೆಯಬೇಕಾದರೆ ನಡುವೆ ಒಂದೇ ಒಂದು ಕಾಯಿ ಇರಲೇಬೇಕು, ಅದು ತನ್ನದಾಗಲಿ, ಎದುರಾಳಿಯದಾಗಲಿ. ಹಾಗಾಗಿ ರಕ್ಷಣೆಗೆಂದು ಅಡ್ಡ ನಿಲ್ಲಿಸಿದ ಸ್ವಂತ ಕಾಯಿಯೇ ಶತ್ರುವಿಗೆ ಮೆಟ್ಟಿಲಾಗುತ್ತದೆ. ನಡೆಯಲು ದಾರಿಯೇ ಉಳಿಯದವನಿಗೆ ಇಲ್ಲಿ ಡ್ರಾ ಸಿಗದು, ಅವನು ಸೋತಂತೆಯೇ. ಹೊಸಬರು ಫಿರಂಗಿಯ ಹೊಡೆತವನ್ನೇ ಮೊದಲು ಅಭ್ಯಾಸ ಮಾಡಲಿ. ಅದು ಕೈಗೆ ಹತ್ತಿದರೆ ಉಳಿದ ಆಟ ತಾನಾಗಿ ತೆರೆದುಕೊಳ್ಳುತ್ತದೆ.