ಮೂರು ಬಾಣ, ಒಂದೇ ಬೆನ್ನು



ಒಂದು ಬಿಸ್ಕತ್ತಿನ ಪೊಟ್ಟಣ ತಗೊಳ್ಳಿ. ಮುಂದುಗಡೆಯೇ ಹಸಿರು ಚುಕ್ಕಿ ಕಾಣುತ್ತದೆ. ಅಕ್ಷರ ಬಾರದವರಿಗೂ ಅದರ ಅರ್ಥ ಗೊತ್ತು: ಇದಕ್ಕೆ ಮಾಂಸ ಸೋಕಿಲ್ಲ. ಆ ಚುಕ್ಕಿ ಪೊಟ್ಟಣದ ಮುಖದ ಮೇಲೆ, ಹೆಸರಿನ ಹತ್ತಿರವೇ ಇರಬೇಕೆಂದು ಕಾನೂನು ಹೇಳುತ್ತದೆ. ಪೊಟ್ಟಣ ಎಷ್ಟೇ ಸಣ್ಣದಿರಲಿ, ಚುಕ್ಕಿ 3 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ಬಣ್ಣ ಗುರುತಿಸಲಾರದ ಕಣ್ಣಿನವರೂ ಮೋಸ ಹೋಗಬಾರದೆಂದು 2020ರ ನಿಯಮದಲ್ಲಿ ಮಾಂಸಾಹಾರದ ಕಂದು ಚುಕ್ಕಿಯನ್ನು ತ್ರಿಕೋನ ಮಾಡಿದರು. ಇಷ್ಟೊಂದು ಕಾಳಜಿ!

ಈಗ ನೀರು ಕುಡಿದ ಬಾಟ್ಲಿಯನ್ನು ಮಗುಚಿ ನೋಡಿ. ತಳದಲ್ಲಿ, ಬಣ್ಣವಿಲ್ಲದೆ, ಉಗುರಿನಿಂದ ಗೀರಿದ ಹಾಗೆ ಒಂದು ತ್ರಿಕೋನ. ಒಂದರ ಬೆನ್ನು ಒಂದು ಹತ್ತಿದ ಮೂರು ಬಾಣ, ನಡುವೆ ಒಂದು ಅಂಕಿ. ಇದರ ಅರ್ಥ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ತಿನ್ನುವವನ ಮಡಿ ಕಾಯುವ ಗುರುತು ಮುಖದ ಮೇಲೆ. ಎಂಜಲು ಆಯುವವಳಿಗೆ ಬೇಕಾದ ಗುರುತು ತಳದಲ್ಲಿ. ಈ ದೇಶ ಯಾರನ್ನು ಎಲ್ಲಿ ಇಟ್ಟಿದೆಯೋ ಅವರ ಗುರುತನ್ನೂ ಅಲ್ಲೇ ಇಟ್ಟಿದೆ.

ನಾನು ಗಂಗಾವತಿ ಕಡೆಯ ಹನುಮನಹಳ್ಳಿಯವನು. ನಮ್ಮೂರ ಪಕ್ಕದಲ್ಲೇ ಅಂಜನಾದ್ರಿ. 575 ಮೆಟ್ಟಿಲು ಹತ್ತಿ ಇಳಿಯುವ ಭಕ್ತರು ಪುಣ್ಯ ಕಟ್ಟಿಕೊಂಡು ಹೋಗುತ್ತಾರೆ, ಬಾಟ್ಲಿ ಬಿಟ್ಟು ಹೋಗುತ್ತಾರೆ. ಹನುಮಮಾಲೆಯ ದಿನಗಳು ಬಂದರಂತೂ ಬೆಟ್ಟದ ಬುಡ ಪ್ಲಾಸ್ಟಿಕ್ಕಿನ ಸಂತೆ. ನಮ್ಮವ್ವ ಅದನ್ನು ಆಯುತ್ತಾಳೆ. ನಮ್ಮ ಕೇರಿಯ ಇನ್ನೂ ನಾಲ್ಕು ಹೆಂಗಸರು ಆಯುತ್ತಾರೆ. ಆ ದುಡ್ಡಿನಲ್ಲೇ ನಾನು ಬಿ.ಎ. ಮುಗಿಸಿದ್ದು.

ಒಂದು ಸಲ ಗುಜರಿಯವನು ಅವ್ವನ ಚೀಲ ವಾಪಸು ತಳ್ಳಿದ. "ಎಲ್ಲಾ ಕೂಡಿಸಿ ತಂದೀ, ರೇಟು ಅರ್ಧ" ಅಂದ. ಅವ್ವ ಮನೆಗೆ ಬಂದು ನನ್ನ ಮುಂದೆ ಒಂದು ಡಬ್ಬಿ ಇಟ್ಟಳು.

"ತಮ್ಮಾ, ನೀ ಸಾಲಿ ಕಲ್ತಾಂವ. ಇದರ ಬುಡಕ ಏನ್ ಬರದೈತಿ ಓದು."

"ಐದು ಅಂತ ಐತಿ ಬೇ."

"ಐದಂದ್ರ ಏನು?"

ನನಗೆ ಗೊತ್ತಿರಲಿಲ್ಲ. ಪಂಪ ರನ್ನರನ್ನು ಬಾಯಿಪಾಠ ಮಾಡಿದವನು ನಾನು. ನನ್ನ ತಾಯಿಯ ಅನ್ನದ ಅಕ್ಷರ ಓದಲು ಬರಲಿಲ್ಲ. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕೇಳಿ. ಆ ಅಂಕಿ ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆ, ಅಷ್ಟೇ. 1 ಅಂದರೆ ನೀರಿನ ಬಾಟ್ಲಿಯ ಪೆಟ್. 2 ಶಾಂಪೂ ಬಾಟ್ಲಿ, ಎಣ್ಣೆ ಕ್ಯಾನಿನ ಗಟ್ಟಿ ಪ್ಲಾಸ್ಟಿಕ್. 3 ಪೈಪಿನ ಪಿವಿಸಿ. 4 ಹಾಲಿನ ಪಾಕೀಟು, ಕ್ಯಾರಿಬ್ಯಾಗು. 5 ಹೋಟೆಲಿನ ಪಾರ್ಸೆಲ್ ಡಬ್ಬಿ. 6 ಥರ್ಮೊಕೋಲ್. 7 ಉಳಿದದ್ದೆಲ್ಲ. ಚಿಪ್ಸ್ ಪಾಕೀಟಿನಂತೆ ಪದರದ ಮೇಲೆ ಪದರ ಅಂಟಿಸಿದ್ದು ಇದರಲ್ಲೇ ಬರುತ್ತದೆ. 1 ಮತ್ತು 2ಕ್ಕೆ ಗುಜರಿಯಲ್ಲಿ ಬೆಲೆಯುಂಟು. ಏಳನ್ನು ಯಾರೂ ಮೂಸುವುದಿಲ್ಲ, ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಭಟ್ಟಿಗೆ ಹೋಗಿ ಉರಿಯುತ್ತದೆ. ಬಾಣ ಮಾತ್ರ ಎಲ್ಲದರ ಮೇಲೂ ಒಂದೇ!

ಈ ಬಾಣದ ಹುಟ್ಟು ಬೇರೆಯೇ. 1970ರಲ್ಲಿ ಅಮೆರಿಕದ ರಟ್ಟಿನ ಡಬ್ಬಿ ಕಂಪನಿಯೊಂದು ನಡೆಸಿದ ಸ್ಪರ್ಧೆಗೆ ಗ್ಯಾರಿ ಆಂಡರ್ಸನ್ ಎಂಬ 23ರ ವಿದ್ಯಾರ್ಥಿ ಇದನ್ನು ಬರೆದ. ಅದು ಕಾಗದಕ್ಕಾಗಿ. 1988ರಲ್ಲಿ ಅಲ್ಲಿಯ ಪ್ಲಾಸ್ಟಿಕ್ ಧಣಿಗಳು ಅಂಥದೇ ಬಾಣದೊಳಗೆ ತಮ್ಮ ಅಂಕಿ ತುರುಕಿದರು. ನೋಡಿದವರು ಇದೆಲ್ಲ ಮತ್ತೆ ಬಳಕೆಗೆ ಬರುತ್ತದೆಂದು ನಂಬಿದರು. ಜನ ಮೋಸ ಹೋಗುತ್ತಿದ್ದಾರೆಂದು 2013ರಲ್ಲಿ ಅಲ್ಲಿಯ ಮಾನಕ ಸಂಸ್ಥೆಯೇ ಬಾಣ ಕಿತ್ತು ಬರೀ ತ್ರಿಕೋನ ಇಟ್ಟಿತು. ನಮ್ಮ ಬಾಟ್ಲಿಗಳ ತಳದಲ್ಲಿ ಬಾಣ ಇನ್ನೂ ಓಡುತ್ತಲೇ ಇದೆ.

ಇನ್ನು ಹಸಿರು ಎಲೆಯ ಚಿತ್ರದ 'ಕಾಂಪೋಸ್ಟೆಬಲ್' ಚೀಲ. ಪಟ್ಟಣದವರು ಇದನ್ನು ಹಿಡಿದುಕೊಂಡು ಪರಿಸರ ಉಳಿಸಿದೆವೆಂದು ಬೀಗುತ್ತಾರೆ. ಅದಕ್ಕೆ ಮಾನಕವಿದೆ, ಐಎಸ್/ಐಎಸ್‌ಒ 17088. ಆ ಪರೀಕ್ಷೆ ನಡೆಯುವುದು 58 ಡಿಗ್ರಿ ಆಸುಪಾಸಿನ ಶಾಖದಲ್ಲಿ, ತಿಂಗಳುಗಟ್ಟಲೆ. ನಮ್ಮೂರ ತಿಪ್ಪೆಯಲ್ಲಿ ಆ ಶಾಖ ಅಷ್ಟು ದಿನ ನಿಲ್ಲುವುದಿಲ್ಲ. ಆ ಚೀಲದ ಮೇಲೆ ತಯಾರಕನ ಹೆಸರು, ಸರ್ಟಿಫಿಕೇಟಿನ ನಂಬರು ಇರಬೇಕು. ಇಲ್ಲದಿದ್ದರೆ ಎಲೆಯ ಚಿತ್ರ ಬರೀ ಚಿತ್ರ. ಅವ್ವನ ಚೀಲದಲ್ಲಿ ಅದು ನಾಕನೇ ನಂಬರಿನ ಜೊತೆ ಕೂಡಿದರೆ ಆ ಮಾಲೂ ಕೆಡುತ್ತದೆ. ಮುತ್ತಲ ಎಲೆಯ ಪತ್ರೋಳಿಗೆ ಯಾವ ಮುದ್ರೆಯೂ ಇಲ್ಲ. ಅದು ಸುಮ್ಮನೆ ಮಣ್ಣಾಗುತ್ತದೆ.

ಸರ್ಕಾರ ಏನು ಮಾಡಿತು? 2016ರ ಪ್ಲಾಸ್ಟಿಕ್ ನಿಯಮಗಳನ್ನು ಓದಿ. ಚೀಲದ ಮೇಲಿನ ವಿವರ ಇಂಗ್ಲಿಷಿನಲ್ಲಿ ಅಚ್ಚಾಗಬೇಕಂತೆ! 2025ರ ತಿದ್ದುಪಡಿ ಬಂತು. ಇನ್ನು ಆ ವಿವರವನ್ನು ಕ್ಯೂಆರ್ ಕೋಡಿನೊಳಗೂ ಇಡಬಹುದು. ನಮ್ಮವ್ವ ಬಿಸಿಲಲ್ಲಿ ಒಂದೊಂದು ಚೀಟಿಗೂ ಮೊಬೈಲು ಹಿಡಿಯಬೇಕೇನು? ಗುಟ್ಕಾ, ಪಾನ್ ಮಸಾಲಾ ಪ್ಲಾಸ್ಟಿಕ್ ಚೀಟಿನಲ್ಲಿ ಕಟ್ಟಕೂಡದೆಂದು ಅದೇ 2016ರ ನಿಯಮ ಹೇಳುತ್ತದೆ. ಬೆಟ್ಟದ ದಾರಿಯಲ್ಲಿ ಬಗ್ಗಿ ನೋಡಿ, ನಿಯಮದ ಹೆಣ ಬಿದ್ದಿದೆ.

ಅವ್ವ ಈಗ ಅಂಕಿ ನೋಡುವುದಿಲ್ಲ. "ನನ್ನ ಕೈಗೆ ಗೊತ್ತೈತಿ" ಅನ್ನುತ್ತಾಳೆ. ಹಿಚುಕಿದರೆ ಚಟಪಟ ಅನ್ನುವುದು ಒಂದು, ಮೆತ್ತಗಿರುವುದು ನಾಕು. ಚೂರು ಮಾಡಿ ನೀರಿಗೆ ಹಾಕಿದರೆ ಒಂದು ಮುಳುಗುತ್ತದೆ, ಎರಡೂ ಐದೂ ತೇಲುತ್ತವೆ. ಇದು ವಿಜ್ಞಾನವಲ್ಲವೇ? ಇದಕ್ಕೆ ಯಾವ ವಿಶ್ವವಿದ್ಯಾಲಯ ಪದವಿ ಕೊಟ್ಟಿದೆ? ಮೂರು ಬಾಣ ತಾವಾಗಿ ತಿರುಗುವುದಿಲ್ಲ ಗೆಳೆಯರೇ. ಅವನ್ನು ತಿರುಗಿಸುವುದು ಒಂದು ಬಗ್ಗಿದ ಬೆನ್ನು. ಆ ಬೆನ್ನಿನ ಜಾತಿ ಯಾವುದೆಂದು ನಿಮಗೆ ಹೇಳಬೇಕಿಲ್ಲ. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟರು. ಅಂದು ತಲೆಯ ಬುಟ್ಟಿ ಇಳಿಸಿ ಅಂದೆವು. ಇಂದು ಬೆನ್ನಿನ ಚೀಲ ಹಾಗೇ ಇದೆ, ಮೇಲೆ ಹಸಿರು ಎಲೆಯ ಚಿತ್ರ ಬಂದಿದೆ.

ಆದ್ದರಿಂದ ನಾವು ಕೇಳಬೇಕಾದದ್ದು ಇಷ್ಟು. ಅಂಕಿ ಪೊಟ್ಟಣದ ಮುಖದ ಮೇಲೆ ಬರಲಿ, ಹಸಿರು ಚುಕ್ಕಿಯಷ್ಟೇ ದೊಡ್ಡದಾಗಿ, ಕನ್ನಡದಲ್ಲಿ. ಏಳನೇ ನಂಬರಿನ ಮಾಲು ಮಾಡಿದವನು ಅದನ್ನು ನಮ್ಮೂರಿಂದ ತಾನೇ ಎತ್ತಿಕೊಂಡು ಹೋಗಲಿ. ಆಯುವವರಿಗೆ ಗುರುತಿನ ಚೀಟಿ, ಕೈಗವಸು, ಕೂಲಿ ಸಿಗಲಿ. ಇದು ಭಿಕ್ಷೆಯಲ್ಲ, ದುಡಿಮೆಯ ಲೆಕ್ಕ.

ಮೇಷ್ಟ್ರೇ, ನಾಳೆ ಒಂದು ಖಾಲಿ ಬಾಟ್ಲಿ ಹಿಡಿದು ತರಗತಿಗೆ ಹೋಗಿ. ಒಂದರಿಂದ ಏಳರವರೆಗೆ ಕಲಿಸಿ. ಆಮೇಲೆ ಒಂದು ಪ್ರಶ್ನೆ ಕೇಳಿ: ಇದನ್ನು ಬಿಸಾಕಿದವರು ಯಾರು, ಎತ್ತಿದವರು ಯಾರು?

ಉತ್ತರ ಹೇಳಲು ಹಿಂದಿನ ಬೆಂಚಿನಿಂದ ಒಂದು ಮಗು ಏಳುತ್ತದೆ. ಅದರ ಮಾತು ಕೇಳಿ.