ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಇಲ್ಲದ ಹೆಸರು

ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬ್ ತಗೊಳ್ಳೋರು ಪಿಎಚ್‌ಡಿ ಮಾಡ್ತಿರೋ ಒಬ್ಬ ಸರ್. ಮೊದಲ ದಿನ ಮ್ಯಾನ್ಯುಯಲ್‌ನಲ್ಲಿದ್ದದ್ದನ್ನೇ ಬೋರ್ಡ್ ಕಡೆ ತಿರುಗಿ ಓದಿದರು. ನಾವು ಹಿಂದೆ ಕೂತು ನಕ್ಕಿದ್ದೂ ನಿಜ. ಐದಾರು ವಾರ ಆಗೋಷ್ಟರಲ್ಲಿ ಅವರೇ ಒಂದೊಂದು ಟೇಬಲ್‌ಗೂ ಬಂದು, "ಔಟ್‌ಪುಟ್ ಬರ್ತಿಲ್ವಾ? ಮೊದಲು ಗ್ರೌಂಡ್ ನೋಡ್ರಪ್ಪಾ" ಅಂತ ಹೇಳಿ, ತಪ್ಪು ನಾವೇ ಹುಡುಕೋವರೆಗೂ ಸುಮ್ಮನೆ ಕಾಯ್ತಿದ್ರು. ಆಪ್-ಆಂಪ್ ನಮಗೆ ಅರ್ಥವಾಗಿದ್ದು ಹಾಗೆ. ಪಾಠ ಮಾಡೋದನ್ನ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲವಂತೆ. ನಮ್ಮ ಮೇಲೇ ಪ್ರಯೋಗ ಮಾಡಿ ಕಲಿತರು!

ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳ ಪ್ರಕಾರ ಎಲ್ಲ ಸಂಶೋಧನಾ ವಿದ್ಯಾರ್ಥಿಗಳೂ ತಮ್ಮ ವಿಷಯದ ಬೋಧನೆ, ಬರವಣಿಗೆಯಂಥವುಗಳಲ್ಲಿ ತರಬೇತಿ ಪಡೆಯಬೇಕು. ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಲ್ಯಾಬ್ ಕೆಲಸವನ್ನೂ ಕೊಡಬಹುದು. ನಾವು ಕಂಡಂತೆ ಕೆಲಸ ತಪ್ಪದೆ ಬರುತ್ತೆ, ತರಬೇತಿ ಬರಲ್ಲ.

ಸೆಮಿಸ್ಟರ್ ಕೊನೆಗೆ ಬಂದ ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಲ್ಯಾಬ್ ಎದುರು ಪ್ರೊಫೆಸರ್ ಹೆಸರು ಮಾತ್ರ ಇತ್ತು. (ಅವರು ಲ್ಯಾಬ್‌ಗೆ ಬಂದಿದ್ದು ಎರಡು ಸಲ.) ನಮಗೆ ಪಾಠ ಹೇಳಿದವರ ಹೆಸರೂ ಅಲ್ಲಿರಲಿ. ನಾವು ಬರೆದದ್ದು ಅವರ ಕೈಗೆ ಸಿಗಲಿ. ನಾಳೆ ಲೆಕ್ಚರರ್ ಕೆಲಸದ ಇಂಟರ್‌ವ್ಯೂಗೆ ಹೋದಾಗ ರಿಸರ್ಚ್ ಪೇಪರ್‌ಗಳ ಪಟ್ಟಿ ಜೊತೆ ಅದನ್ನೂ ತೋರಿಸಬಹುದು.

ಈ ಸೆಮ್ ಸರ್‌ಗೆ ಜೂನಿಯರ್‌ಗಳ ಬ್ಯಾಚ್ ಕೊಟ್ಟಿದ್ದಾರೆ. ನಮಗೆ ಹೊಸಬರು ಬಂದಿದ್ದಾರೆ, ಬೋರ್ಡ್ ಕಡೆ ತಿರುಗಿ ಓದ್ತಿದ್ದಾರೆ.