ಕಿಕ್ಕರ್ ಕಿತ್ತುಕೊಂಡವರು ವೋಲ್ಟ್‌ಮೀಟರ್ ಆದರೂ ಕೊಡಲಿ

ಇವತ್ತು ಸ್ವಲ್ಪ ಜಗಳದ ಮಾತು. ಬೈಕ್ ಕಂಪನಿಗಳು ಕಿಕ್ಕರ್ ತೆಗೆದಿದ್ದಕ್ಕೆ ನನ್ನ ತಕರಾರಿಲ್ಲ. ತೆಗೆದ ಮೇಲೂ ಎಷ್ಟೋ ಬೈಕುಗಳ ಮೀಟರಿನಲ್ಲಿ ಬ್ಯಾಟರಿ ವೋಲ್ಟೇಜ್ ತೋರಿಸದೇ ಇರೋದು ತಪ್ಪು, ಅಷ್ಟೇ ನನ್ನ ವಾದ.

ಊರಲ್ಲಿ ಬೈಕ್ ಬಿಟ್ಟು ಬಂದವರಿಗೆ ಇದು ಚೆನ್ನಾಗಿ ಗೊತ್ತು. ರಜೆಗೆ ಹೋಗಿ ಕವರ್ ತೆಗೆದು ಕೀ ತಿರುಗಿಸಿದರೆ ದೀಪ ಹತ್ತುತ್ತೆ, ಹಾರನ್ನೂ ಹೊಡೆಯುತ್ತೆ. ಸೆಲ್ಫ್ ಒತ್ತಿದರೆ ಮಾತ್ರ ಕಟಕಟಕಟ. "ಬ್ಯಾಟರಿ ಚೆನ್ನಾಗೇ ಇದೆ, ಮೋಟಾರ್ ಹೋಗಿರ್ಬೇಕು" ಅಂತ ಯಾರೋ ತೀರ್ಪು ಕೊಟ್ಟೂಬಿಡ್ತಾರೆ.

ಆ ಸದ್ದು ರಿಲೇಯದು. ರಿಲೇ ಮುಚ್ಚಿದ ತಕ್ಷಣ ಮೋಟಾರ್ ಹತ್ತಾರು ಆಂಪಿಯರ್ ಎಳೆಯುತ್ತೆ, ವೋಲ್ಟೇಜ್ ಕುಸಿಯುತ್ತೆ, ರಿಲೇ ಹಿಡಿತ ಬಿಡುತ್ತೆ. ಬಿಟ್ಟ ಕೂಡಲೇ ವೋಲ್ಟೇಜ್ ಚೇತರಿಸಿಕೊಂಡು ಮತ್ತೆ ಮುಚ್ಚುತ್ತೆ. ದೀಪಕ್ಕೆ ಬೇಕಾದ ಕರೆಂಟ್ ಇದರ ಮುಂದೆ ಏನೂ ಅಲ್ಲ. ಕಟ್ಟಿಕೊಂಡ ನಲ್ಲಿಯಲ್ಲೂ ಲೋಟ ತುಂಬುತ್ತೆ. ಹಂಡೆ ಇಟ್ಟಾಗಲೇ ಅದರ ಬಂಡವಾಳ ಗೊತ್ತಾಗೋದು.

ಪೂರ್ತಿ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6ರಿಂದ 12.8 ವೋಲ್ಟ್ ತೋರಿಸುತ್ತೆ. 12.0 ಅಂದ್ರೆ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಖಾಲಿ. ಇಷ್ಟು ಸಣ್ಣ ಅಂತರವನ್ನು ಕಣ್ಣಳತೆಯಲ್ಲಿ, ದೀಪದ ಬೆಳಕು ನೋಡಿ ಹೇಳೋಕಾಗಲ್ಲ.

ಇನ್ನೊಂದು ಸೂಕ್ಷ್ಮ ಇದೆ, ನನಗೆ ಬಹಳ ಇಷ್ಟವಾದದ್ದು. ಒಮ್ಮೊಮ್ಮೆ ಮೋಟಾರ್ ತಿರುಗುತ್ತೆ, ಆದರೂ ಎಂಜಿನ್ ಹಿಡಿಯಲ್ಲ. ಪ್ಲಗ್ಗಿನ ಕಿಡಿಗೆ ಬೇಕಾದ ಶಕ್ತಿ ಇಗ್ನಿಷನ್ ಕಾಯಿಲಿನಲ್ಲಿ ಕೂಡಿಟ್ಟಿರುತ್ತೆ, ಅದು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತೆ, ಇಳಿಯುತ್ತೆ. ಮೋಟಾರಿನ ಎಳೆತಕ್ಕೆ 12 ವೋಲ್ಟ್ 9ಕ್ಕೆ ಇಳಿದು, ಕಾಯಿಲಿನ ಕರೆಂಟೂ ಅದೇ ಲೆಕ್ಕದಲ್ಲಿ ಮುಕ್ಕಾಲಾದರೆ ಶಕ್ತಿ ಮುಕ್ಕಾಲಾಗಲ್ಲ, ಹದಿನಾರರಲ್ಲಿ ಒಂಬತ್ತು ಪಾಲಾಗುತ್ತೆ. ಎಂಜಿನ್ ತಣ್ಣಗಿದ್ದು ಕಿಡಿ ಗಟ್ಟಿಯಾಗಿ ಬೇಕಾದ ಹೊತ್ತಿಗೇ ಮೋಟಾರ್ ಅದರ ಪಾಲು ಕಸಿದಿರುತ್ತೆ. ಇಸಿಯು ಕಾಯಿಲಿಗೆ ಸ್ವಲ್ಪ ಹೆಚ್ಚು ಹೊತ್ತು ಕರೆಂಟ್ ಕೊಟ್ಟು ಸರಿದೂಗಿಸೋಕೆ ನೋಡುತ್ತೆ. ವೋಲ್ಟೇಜ್ ಇನ್ನೂ ಬಿದ್ದರೆ ಅದೇ ರೀಸೆಟ್ ಆಗುತ್ತೆ.

ಅರ್ಧ ಸತ್ತ ಬ್ಯಾಟರಿಯ ಗೇರ್ ಬೈಕನ್ನು ಇಳಿಜಾರಲ್ಲಿ ತಳ್ಳಿ ಕ್ಲಚ್ ಬಿಟ್ಟರೆ ಹಿಡಿಯೋದು ಇದಕ್ಕೇ. ಮೋಟಾರಿನ ಭಾರವಿಲ್ಲ, ಉಳಿದ ವೋಲ್ಟೇಜ್ ಪೂರ್ತಿ ಕಿಡಿಗೂ ಪಂಪಿಗೂ ಸಿಗುತ್ತೆ. ಕಿಕ್ಕರ್ ಮಾಡ್ತಿದ್ದದ್ದೂ ಅದನ್ನೇ.

"ಹಾಗಾದ್ರೆ ಹಳೇ ಕಾಲವೇ ಚೆನ್ನಾಗಿತ್ತು" ಅಂತ ಆರ್‌ಎಕ್ಸ್ 100 ಅಭಿಮಾನಿಗಳು ಎದ್ದು ನಿಲ್ಲಬೇಡಿ. ಅದರ ಕಿಡಿಗೆ ಕರೆಂಟ್ ಬರ್ತಿದ್ದದ್ದು ಮ್ಯಾಗ್ನೆಟೋದಿಂದ, ಬ್ಯಾಟರಿಯ ಹಂಗೇ ಇರಲಿಲ್ಲ. 2020ರ ಬಿಎಸ್6 ನಿಯಮದ ನಂತರ ಭಾರತದ ಬೈಕುಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಸಾಮಾನ್ಯವಾಯ್ತು. ಅದರ ಪಂಪು, ಇಸಿಯು ಎರಡಕ್ಕೂ ಕರೆಂಟ್ ಬೇಕು, ಬ್ಯಾಟರಿ ಪೂರ್ತಿ ಸತ್ತಿದ್ದರೆ ಕಿಕ್ಕರ್ ಇದ್ದರೂ ನೆಚ್ಚಿಕೊಳ್ಳುವ ಹಾಗಿಲ್ಲ. 2021ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಕಿಕ್ಕರ್ ಇಲ್ಲದೆ ಬಂದಾಗ ಗೋಳಾಡಿದವರು ಬಹಳ ಮಂದಿ; ನಾನು ಆ ಗುಂಪಿನವನಲ್ಲ. ಆದರೆ ಎಲ್ಲ ಭಾರವನ್ನೂ ಒಂದೇ ಬ್ಯಾಟರಿಯ ಮೇಲೆ ಹಾಕಿದ ಮೇಲೆ ಅದರ ನಾಡಿ ನೋಡುವ ಅನುಕೂಲ ಸವಾರನಿಗೆ ಬೇಡವೇ? ಟ್ರಿಪ್ ಮೀಟರ್ ಎರಡೆರಡು ಕೊಡ್ತಾರೆ, ಫೋನಿಗೆ ಬ್ಲೂಟೂತ್ ಕೊಡ್ತಾರೆ. ಇಸಿಯುಗೆ ಹೇಗೂ ಗೊತ್ತಿರುವ ಒಂದು ಅಂಕಿಯನ್ನು ಪರದೆಯ ಮೇಲೆ ತರೋಕೆ ಏನು ಕಷ್ಟ?

ಅದು ಬರುವವರೆಗೆ ಒಂದು ಸಾಮಾನ್ಯ ಮಲ್ಟಿಮೀಟರ್ ಸಾಕು. ಸೆಲ್ಫ್ ಒತ್ತಿ ಹಿಡಿದಾಗ ಎಷ್ಟಕ್ಕೆ ಇಳಿಯುತ್ತೆ ನೋಡಿ. 9ಕ್ಕಿಂತ ಕೆಳಗೆ ಹೋದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ, ಟರ್ಮಿನಲ್ ಬಿಗಿ ಮಾಡಿ, ಆಮೇಲೆ ಮೋಟಾರಿನ ಮಾತು. ಸ್ಟಾರ್ಟ್ ಆದ ಮೇಲೆ ಸ್ವಲ್ಪ ರೇಸ್ ಮಾಡಿದಾಗ 14ರ ಆಸುಪಾಸು ಬರಬೇಕು.

ಹಾಗೇ, "ವಾರಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡಿ ಇಡಪ್ಪಾ" ಅಂತ ತಮ್ಮನಿಗೆ ಹೇಳಿ ವಿಮಾನ ಹತ್ತಬೇಡಿ. 2017ರಿಂದ ಭಾರತದ ಹೊಸ ಬೈಕುಗಳಲ್ಲಿ ಎಂಜಿನ್ ಓಡ್ತಿದ್ದರೆ ಹೆಡ್‌ಲೈಟೂ ಉರೀತಿರುತ್ತೆ. ನಿಂತಲ್ಲೇ ಐಡಲ್‌ನಲ್ಲಿ ಓಡಿದರೆ ಬ್ಯಾಟರಿಗೆ ಮರಳಿ ಬರೋದು ಅಲ್ಪ. ಅರ್ಧ ಗಂಟೆ ಓಡಿಸಿಕೊಂಡು ಬಾ ಅನ್ನಿ, ಅವನೂ ಖುಷಿಪಡ್ತಾನೆ. ಓಡಿಸುವವರೇ ಇಲ್ಲದಿದ್ದರೆ, ಪೂರ್ತಿ ಚಾರ್ಜ್ ಮಾಡಿಸಿ, ಮೈನಸ್ ವೈರ್ ಬಿಚ್ಚಿಟ್ಟು ಬನ್ನಿ.